ಕಡೇ ಊರಿಗೆ ಎರಡು

ಮುಂದೆ ನಿಂತವನ ರುಮಾಲಿನ ತುದಿ ಮತ್ತೊಮ್ಮೆ ಮೂಗಿಗೆ ಬಡಿಯಿತು, ಹರಳೆಣ್ಣೆಯ ವಾಸನೆ, ಥೂ, ಈ ಮನುಷ್ಯನಿಗೆ ತಲೆ ಅಲ್ಲಾಡಿಸದೆ ಮಾತಾಡಲು ಬರುವುದಿಲ್ಲವೇ, ಟಿಕೆಟ್ ಕಿಂಡಿಯೊಳಗೆ ಮೂತಿ ತೂರಿಸಿಕೊಂಡು ಗುಮಾಸ್ತನ ಹತ್ತಿರ ಅದೇನು ಅಷ್ಟು ಕಷ್ಟಸುಖ — ಕೆಂಪಾಜಮ್ಮ ಒಂದು ಹೆಜ್ಜೆ ಹಿಂದಕ್ಕೆ ಸರಿದಳು, ಹಿಂದಿನವಳು ಮೊಣಕೈಯಿಂದ ತಿವಿದಳು, ಮತ್ತೆ ಅದೇ ರುಮಾಲು, ಅದೇ ಹರಳೆಣ್ಣೆ. ಕತ್ತು ತಿರುಗಿಸಿದರೆ ಅಲ್ಲಿ, ಕಂಬದ ಪಕ್ಕದ ಕಲ್ಲುಬೆಂಚಿನ ಮೇಲೆ, ಗಂಡ ಕೂತಿದ್ದಾನೆ, ಮೊಣಕಾಲುಗಳ ನಡುವೆ ಕೋಲು, ಪಕ್ಕದಲ್ಲಿ ಬುತ್ತಿಯ ಗಂಟು, ಮುಖ ಎತ್ತಿ ಹೋಗುವವರನ್ನೂ ಬರುವವರನ್ನೂ ನೋಡುತ್ತಿರುವವನ ಹಾಗೆ, ಏನು ಗತ್ತು, ಮೈಸೂರು ಸ್ಟೇಷನ್ನನ್ನು ಇವನೇ ಕಟ್ಟಿಸಿದ ಹಾಗೆ. ಇಳಿಹೊತ್ತಿನ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿದೆ, ರೆಪ್ಪೆ ಅಲುಗುವುದಿಲ್ಲ — ಮಿಟುಕಿಸೋ ಮಾರಾಯ, ಕಣ್ಣಿದ್ದವರು ಬಿಸಿಲಿಗೆ ಕಣ್ಣು ಮಿಟುಕಿಸುತ್ತಾರೆ, ಅಷ್ಟೂ ಬಾರದವನು ಈ ವೇಷಕ್ಕೆ ಯಾಕೆ ಇಳಿದೆ. ಮೂರು ದಿನದಿಂದ ಇದೇ ಕಿಂಡಿ, ಇದೇ ಬೆಂಚು, ಬೆಳಿಗ್ಗೆ ಆ ಊರಿನಿಂದ ಮೈಸೂರಿಗೆ, ಸಾಯಂಕಾಲ ಮೈಸೂರಿನಿಂದ ಆ ಊರಿಗೆ, ರೈಲಿನ ಹಲಗೆಯ ಮೇಲೆ ಕೂತು ಕೂತು ಸೊಂಟ ಬಿದ್ದುಹೋಗಿದೆ. ಮೈಸೂರಿನಲ್ಲೇ ಒಂದು ಮೂಲೆಯಲ್ಲಿ ಉಳಿದುಕೊಳ್ಳೋಣವೆಂದರೆ ಪ್ಲೇಗಿನ ಹೆದರಿಕೆ, ಇಲ್ಲಿನ ಛತ್ರದಲ್ಲಿ ಹೊರಗಿನವರನ್ನು ರಾತ್ರಿ ಇರಗೊಡುವುದಿಲ್ಲ, ಮನೆಗೇ ಹೋಗಿ ಬರೋಣವೆಂದರೆ ತಿರುಮಕೂಡಲು ಎಲ್ಲಿ, ಮೈಸೂರು ಎಲ್ಲಿ, ಎತ್ತಿನ ಗಾಡಿಗೆ ಒಂದು ಹಗಲಿನ ದಾರಿ. ಅದಕ್ಕೇ ಆ ಊರಿನ ಛತ್ರದಲ್ಲಿ ಹಾಸಿಗೆ, ಅಲ್ಲಿಂದ ದಿನಾ ರೈಲು. ಛತ್ರದ ಪಾರುಪತ್ಯದ ಪುಟ್ಟಬಸವಯ್ಯನವರು ನೆನ್ನೆ ಕೇಳಿಯೇಬಿಟ್ಟರು, ದೇವ್ರ ದರ್ಸನಕ್ಕೆ ಬಂದೋರು ದಿನಾ ಮೈಸೂರ್ಗ್ಯಾಕವ್ವ ಓಗ್ತೀರಿ, ಅವಳು ಬಾಯಿ ತೆರೆಯುವಷ್ಟರಲ್ಲಿ ಇವನು, ಒಸ ಅರಮನೆ ಕಟ್ತಾವ್ರಲ್ಲ ಸ್ವಾಮಿ, ನೋಡ್ಕಂಡು ಬತ್ತೀವಿ. ನೋಡ್ಕಂಡು! ಅವಳಿಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು.

ಆ ಊರು, ಆ ಊರು — ಮನಸ್ಸಿನೊಳಗೂ ಕೆಂಪಾಜಮ್ಮ ಅನ್ನುವುದು ಹಾಗೆಯೇ. ಗಂಡನ ಹೆಸರೂ ಅಲ್ಲಿನ ದೇವರ ಹೆಸರೂ ಒಂದೇ, ಊರು ಆ ಹೆಸರನ್ನೇ ತಲೆಯ ಮೇಲೆ ಹೊತ್ತು ಕೂತಿದೆ, ಹೆಂಡತಿ ಬಾಯಲ್ಲಿ ಗಂಡನ ಹೆಸರು ಬಂದರೆ ಅವನ ಆಯುಸ್ಸು ಸವೆಯುತ್ತದೆ ಎಂದು ಮದುವೆಯಾದ ವಾರದಲ್ಲೇ ಅತ್ತೆ ಕಿವಿ ಹಿಂಡಿ ಹೇಳಿದ್ದಳು, ಮೂವತ್ತೊಂದು ವರ್ಷವಾಯಿತು, ಅತ್ತೆ ಹೋದಳು, ಕಿವಿ ಇನ್ನೂ ಉರಿಯುತ್ತದೆ. ಮಕ್ಕಳಿದ್ದವರು ಸಿದ್ದನ ಅಪ್ಪ, ಗೌರಿಯ ಅಪ್ಪ ಎಂದು ಕೂಗಿ ಪಾರಾಗುತ್ತಾರೆ, ಅವಳಿಗೆ ಆ ದಾರಿಯನ್ನೂ ದೇವರು ಬಿಡಲಿಲ್ಲ, ಅವಳದು ಏನಿದ್ದರೂ ಇಗಾ, ನೋಡಿ ಇಲ್ಲಿ, ಕೇಳುಸ್ತಾ. ಮನೆಯೊಳಗೆ ಅದು ನಡೆಯುತ್ತಿತ್ತು, ಟಿಕೆಟ್ ಕಿಂಡಿಯಲ್ಲಿ ನಡೆಯುತ್ತದೆಯೇ, ಮೊದಲ ದಿನ ಈ ಗುಮಾಸ್ತ ಯಾವ ಊರಮ್ಮ ಎಂದಾಗ ಗಾಬರಿಯಲ್ಲಿ ಹೊಳೆದದ್ದು ಒಂದೇ ಮಾತು, ಕಡೇ ಊರ್ಗೆ ಎರಡು ಕೊಡಿ ಸಾ — ಹಳಿ ಅಲ್ಲಿಗೆ ಮುಗಿಯುತ್ತದಲ್ಲ, ಕಡೆಯ ಊರು ತಾನೇ, ತಪ್ಪೇನು ಹೇಳಿದೆ ನಾನು. ಕಡಕೊಳಕ್ಕೆ ಎರಡು, ಎಂದು ಅವನು ಕೊಟ್ಟ, ಇವಳು ಸೆರಗಿಗೆ ಕಟ್ಟಿಕೊಂಡಳು, ಓದಲು ಬಂದರೆ ತಾನೇ. ಕಡಕೊಳದಲ್ಲಿ ಕರಿಕೋಟಿನವನು ಬಂದು ಟಿಕೆಟ್ ನೋಡಿ ಇಳೀರಿ ಇಳೀರಿ ಎಂದ, ಗಾಡಿ ಕೂಗಿಕೊಂಡು ಹೋಯಿತು, ಇವರಿಬ್ಬರೂ ಹಳಿಯ ಪಕ್ಕದ ಗಾಡಿದಾರಿಯಲ್ಲಿ, ತಲೆಯ ಮೇಲೆ ಗಂಟು, ಹೆಗಲ ಮೇಲೆ ಗಂಡನ ಕೈ, ಕಲ್ಲು ಐತೆ, ಗುಂಡಿ ಐತೆ, ಎಡಕ್ಕೆ ಬನ್ನಿ, ಆ ಎಡ ಅಲ್ಲ, ಅಷ್ಟು ದೂರ. ಪಾದ ಊದಿ ಬೋರಲು ಬಿದ್ದರೆ ಆ ಮನುಷ್ಯ ನಗುತ್ತಾನೆ, ಕಡೇ ಊರು ಅಂದ್ರೆ ಸುಡ್ಗಾಡ್ಗೆ ಟಿಕೀಟು ಕೊಡ್ನಿಲ್ವಲ್ಲ, ಬುಡು ಕೆಂಪಿ. ನಗು ಬರುತ್ತದೆ ಅವನಿಗೆ, ಯಾಕೆ ಬರುವುದಿಲ್ಲ, ಕಲ್ಲು ನೋಡುವವಳು ಅವಳು, ಮುಳ್ಳು ನೋಡುವವಳು ಅವಳು. ಮರುದಿನ ಆಸ್ಪತ್ರೆಗೆ ಕುಂಟಿಕೊಂಡು ಮುಟ್ಟುವಷ್ಟರಲ್ಲಿ ಡಾಕ್ಟರು ಎದ್ದುಹೋಗಿದ್ದರು, ಒಂದು ದಿನ ಹಾಗೆಯೇ ಹಾಳಾಯಿತು.

ಎಲ್ಲ ಆ ಹರಿಗೋಲಿನ ದೆಸೆಯಿಂದ. ತಿರುಮಕೂಡಲಿನ ಕಡವಿನಲ್ಲಿ ಮಾವನ ಕಾಲದಿಂದಲೂ ಹೊಳೆ ದಾಟಿಸುವವರು ಇವರೇ, ಸಂತೆಗೆ ಹೋಗುವವರು, ಸೋಸಲೆಯ ಮಠಕ್ಕೆ ಹೋಗುವವರು, ಬಸುರಿ ಬಾಣಂತಿಯರು, ಎಲ್ಲರಿಗೂ ಇವನ ಕೈಯ ಹುಟ್ಟಿನ ಮೇಲೆ ಭರವಸೆ, ಅಂಬಿಗನಿಗೆ ಕಣ್ಣು ಕಾಣದು ಎಂದು ಒಬ್ಬನ ಕಿವಿಗೆ ಬಿದ್ದರೂ ಸಾಕು, ಇನ್ನು ಯಾರು ಕಾಲಿಡುತ್ತಾರೆ, ಮೇಲಿನ ಮಡುವಿನ ರಂಗನಾಯಕ ಹೊಸ ಚರ್ಮ ಬಿಗಿದ ಹರಿಗೋಲು ಇಟ್ಟುಕೊಂಡು ಕಾಯುತ್ತಿದ್ದಾನೆ. ಎಡಗಣ್ಣಿಗೆ ಮೊದಲು ಪೊರೆ ಬಂತು, ಆಮೇಲೆ ಬಲಕ್ಕೆ, ಎರಡು ವರ್ಷದಿಂದ ಅವನು ಕಪಿಲೆಯನ್ನು ಕಿವಿಯಲ್ಲಿ ದಾಟುತ್ತಿದ್ದಾನೆ, ನೀರಿನ ಸದ್ದು ಅವನಿಗೆ ಎಲ್ಲ ಹೇಳುತ್ತದೆ, ಹೇಳದೆ ಬಿಟ್ಟದ್ದನ್ನು ಅವಳು ಕೆಮ್ಮುತ್ತಾಳೆ. ಹೌದು, ಕೆಮ್ಮುತ್ತಾಳೆ, ವೀಳ್ಯದೆಲೆಯ ಬುಟ್ಟಿ ಮಡಿಲಲ್ಲಿಟ್ಟುಕೊಂಡು ವ್ಯಾಪಾರಕ್ಕೆ ಹೊರಟವಳ ಹಾಗೆ ಪ್ರತಿ ಸಲವೂ ಹರಿಗೋಲಿನಲ್ಲಿ ಕೂತು, ಬಂಡೆ ಎಡಕ್ಕಿದ್ದರೆ ಒಂದು ಕೆಮ್ಮು, ಬಲಕ್ಕಿದ್ದರೆ ಎರಡು, ಎದುರಿಗೆ ಇನ್ನೊಂದು ಹರಿಗೋಲು ಬಂದರೆ ಮೂರು. ಊರೆಲ್ಲ ಅವಳಿಗೆ ಎದೆರೋಗ ಎಂದುಕೊಂಡಿದೆ, ಪಕ್ಕದ ಮನೆಯ ವೆಂಕಟಮ್ಮ ಮೆಣಸಿನ ಕಷಾಯ ತಂದು ಎದುರಿಗೇ ನಿಂತು ಕುಡಿಸುತ್ತಾಳೆ, ನರಸೀಪುರದ ಶಾಲೆಯ ಮೇಷ್ಟ್ರು ಶಂಭುಲಿಂಗಪ್ಪನವರು ಹೊಳೆ ದಾಟುವಾಗೆಲ್ಲ ಆಡುಸೋಗೆ ಎಲೆಯ ಗುಣ ಹೇಳುತ್ತಾರೆ, ಅವಳು ತಲೆಯಾಡಿಸುತ್ತಾಳೆ, ಅಷ್ಟರಲ್ಲಿ ಬಂಡೆ, ಕೆಮ್ಮುತ್ತಾಳೆ, ನೋಡಿದೆಯಾ ನೋಡಿದೆಯಾ ಎನ್ನುತ್ತಾರೆ. ನಗುವಂಥದ್ದೇ, ಆದರೆ ಹೋದ ತಿಂಗಳು ನಿಜವಾದ ಕೆಮ್ಮೇ ಬಂದುಬಿಟ್ಟಿತು, ತಡೆಯಲಾಗಲಿಲ್ಲ, ಒಂದೇ ಒಂದು, ಅವನು ಹುಟ್ಟನ್ನು ಬಲಕ್ಕೆ ತಿರುವಿದ, ಬಂಡೆ ಇದ್ದದ್ದು ಬಲಕ್ಕೇ, ಹರಿಗೋಲು ಗಿರ್ರನೆ ತಿರುಗಿ ಬಡಿಯಿತು, ಹಸುಗೂಸನ್ನು ಎತ್ತಿಕೊಂಡ ಹೆಂಗಸು ಅಂಚಿನ ಮೇಲೆ ಬೋರಲಾದಳು, ಕೂಸಿನ ಕುಲಾವಿ ನೀರಿಗೆ ಬಿತ್ತು, ಕೂಸು ಬೀಳಲಿಲ್ಲ. ಜನ ನಕ್ಕರು, ಏನಣ್ಣ ಯಂಡ ಗಿಂಡ ಕುಡ್ದೀಯಾ, ಇವನೂ ನಕ್ಕ. ಅವಳಿಗೆ ಮಾತ್ರ ಮೂರು ದಿನ ಅನ್ನ ಇಳಿಯಲಿಲ್ಲ, ಇನ್ನು ನನ್ನಿಂದ ಆಗುವುದಿಲ್ಲ, ಹೊಳೆಯಲ್ಲಿ ಇನ್ನೊಂದು ಸಲ ಕೆಮ್ಮುವವಳಲ್ಲ, ಮೈಸೂರಿಗೆ ನಡೆಯಿರಿ ಎಂದು ಹಟ ಹಿಡಿದು ಎಬ್ಬಿಸಿಕೊಂಡು ಬಂದಳು.

ಬಂದು ಏನಾಯಿತು, ಏನೂ ಆಗಲಿಲ್ಲ, ಕಣ್ಣಿನ ಪೊರೆ ತೆಗೆಯುವ ದೊರೆ ಡಾಕ್ಟರು ಹತ್ತು ದಿನಕ್ಕೆಂದು ಮದರಾಸಿನಿಂದ ಬಂದಿದ್ದಾರೆ, ನಾಳೆಗೆ ಹತ್ತು ದಿನ ಮುಗಿಯಿತು, ಇಷ್ಟು ಹೊತ್ತಿಗೆ ಎಷ್ಟು ಜನ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾರೆ, ಇವನೊಬ್ಬ ಪರೀಕ್ಷೆಯಲ್ಲಿ ಪಾಸಾಗುತ್ತಾ ಕೂತಿದ್ದಾನೆ. ಮೊದಲ ದಿನ ಕಾಂಪೌಂಡರು, ನಂಜುಂಡ, ಯಾರಯ್ಯ ನಂಜುಂಡ, ಎಂದು ಕೂಗಿದರೆ ಜಗಲಿಯಿಂದ ನಾಲ್ಕು ಜನ ಎದ್ದರು, ಈ ಸೀಮೆಯಲ್ಲಿ ಆ ಹೆಸರಿಗೇನು ಬರ, ತಿರುಮಕೂಡಲಿನವನು ಎಂದ ಮೇಲೆ ಇವನು ಒಳಗೆ ಹೋದ, ಕೈ ಹಿಡಿಯಲು ಹೋದರೆ ಕೊಡವಿದ. ಬೆರಳು ಎಷ್ಟಯ್ಯ, ಎರಡು ಸಾ, ಸರಿಯಾಗಿ ಹೇಳಿದ! ಹೇಗೆ ಹೇಳಿದ ಎಂದರೆ ಆ ಕಾಂಪೌಂಡರು ಎಲ್ಲರಿಗೂ ಎರಡೇ ಬೆರಳು ತೋರಿಸುತ್ತಿದ್ದ, ಹಿಂದಿನ ಐದು ಜನ ಏನು ಹೇಳಿದರೆಂದು ಇವನು ಹೊರಗೆ ಕೂತು ಕಿವಿಗೊಟ್ಟು ಕೇಳಿಕೊಂಡಿದ್ದ. ಇವತ್ತು ಡಾಕ್ಟರೇ ಎದ್ದು ನಿಂತು ಕಿಟಕಿಯ ತನಕ ನಡೆದು ಹೋಗು ಎಂದು ಹೇಳಿಸಿದರೆ, ನಡೆದ, ಸೊಟ್ಟವಿಲ್ಲದೆ ನಡೆದ, ಗಾಳಿ ಬರುವ ದಿಕ್ಕಿಗೆ ನಡೆದು ಸರಳು ಹಿಡಿದು ನಿಂತು, ಆಚೆ ಒಂದ್ ಬೇವಿನ್ ಮರ ಐತೆ ಸಾ, ಊ ಬುಟ್ಟದೆ ಎಂದ, ಮೂಗಿದ್ದವರಿಗೆಲ್ಲ ಅದು ಗೊತ್ತಾಗುತ್ತದೆ, ದೊರೆಗೆ ಬೇವಿನ ಹೂವಿನ ವಾಸನೆ ಏನು ಗೊತ್ತು, ಬೆನ್ನು ತಟ್ಟಿ ಕಳಿಸಿದರು. ಅವಳು ಕಾಂಪೌಂಡರ ಅಂಗಿಯನ್ನೇ ಹಿಡಿದುಕೊಂಡಳು, ಸುಳ್ಳು ಸಾ, ಎಲ್ಲಾ ಸುಳ್ಳು, ಆವಯ್ಯಂಗೆ ನನ್ ಮಕಾನೂ ಕಾಣಾಕಿಲ್ಲ, ಕಾಂಪೌಂಡರು ಇವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ, ನನಗೂ ಅನುಮಾನ ಇದೆಯಮ್ಮ, ಪೊರೆ ಹಣ್ಣಾಗಿ ಕೂತಿದೆ, ಇನ್ನು ತಡ ಮಾಡಿದರೆ ಕಣ್ಣೇ ದಕ್ಕುವುದಿಲ್ಲ, ಆದರೆ ಕಾಣುತ್ತದೆ ಅನ್ನುವವನ ಕಣ್ಣಿಗೆ ದೊರೆಗಳು ಕತ್ತಿ ಹಾಕುವುದಿಲ್ಲ, ನೀನು ಹೇಳಿದರೆ ಆಗದು, ಕಾಣಿಸುವುದಿಲ್ಲ ಅಂತ ಅವನ ಬಾಯಿಂದಲೇ ಬರಬೇಕು, ಬಾಯಿಬಿಟ್ಟು ಒಂದು ಮಾತು ಹೇಳಲಿ, ನಾಳೆ ಬೆಳಿಗ್ಗೆ ಮೊದಲು ಅವನನ್ನೇ ಕರೆಯುತ್ತೇನೆ. ಒಂದು ಮಾತು, ಅಷ್ಟೇ, ಒಂದು ಮಾತು ಹೇಳಿದರೆ ಬಾಯಿ ಸವೆಯುತ್ತದೆಯೇ, ಆಸ್ಪತ್ರೆಯ ಮೆಟ್ಟಿಲ ಮೇಲೆ ಗಲ್ಲ ಹಿಡಿದು ಬೇಡಿದಳು, ಇವನು, ನಾಳೀಕೆ ಊರ್ಗೋಗನ ಕಣೆ, ಸಾಕು, ನಂಗೆ ಕಾಣ್ತದೆ. ಏನು ಕಾಣ್ತದೆ ಯೋಳಿ. ಕಾಣಬೇಕಾದ್ದು ಕಾಣ್ತದೆ. ಹೆದರುತ್ತಾನೆ, ಅದು ಅವಳಿಗೆ ಗೊತ್ತು, ಕಣ್ಣಿಗೆ ಕತ್ತಿ ತಾಗಿಸುತ್ತಾರೆಂದು ಹೆದರುತ್ತಾನೆ, ಊರಿಗೆ ಗೊತ್ತಾಗುತ್ತದೆಂದು ಅದಕ್ಕಿಂತ ಹೆಚ್ಚು ಹೆದರುತ್ತಾನೆ, ಪಾಪ ಅನ್ನಿಸುತ್ತದೆ, ಅನ್ನಿಸಿದ ಕೂಡಲೇ ಸಿಟ್ಟು ನೆತ್ತಿಗೇರುತ್ತದೆ, ಅವಳಿಗೇನು ಹೆದರಿಕೆ ಇಲ್ಲವೇ, ಅವಳ ಹೆದರಿಕೆ ಕೇಳುವವರು ಯಾರು. ಬೆಳಿಗ್ಗೆ ಕಪಿಲೆಯ ಹಳೆಯ ಸೇತುವೆಯ ಮೇಲೆ ರೈಲು ಹೊರಟಾಗ ಎಲ್ಲರೂ ಕಿಟಕಿಯಿಂದ ಇಣುಕಿ ನೋಡಿದರು, ಇವನು ಕೂತಲ್ಲೇ ಕತ್ತು ವಾಲಿಸಿ, ಸೊಂಟದ್ ಮಟ್ಟ ನೀರು ಕೆಂಪಿ, ಇವತ್ ಇಲ್ಲಿ ಅರಿಯೋ ನೀರು ನಾಳೀಕೆ ನಮ್ ಕಡವ್ನಾಗೆ ಅರೀತದೆ ಎಂದ, ಎಷ್ಟು ಖುಷಿಯಿಂದ ಎಂದ, ಆಗ ಆ ಮುಖ ನೋಡಿ ಅವಳಿಗೆ ಅಳು ಬಂದಿತ್ತು.

ರುಮಾಲಿನವನು ಕೊನೆಗೂ ಸರಿದ. ಕಿಂಡಿಯೊಳಗೆ ಗುಮಾಸ್ತನ ಮುಖ, ಮೂಗಿನ ಮೇಲೆ ಕನ್ನಡಕ, ಮೀಸೆಯ ಕೆಳಗೆ ಆ ನಗು, ಅವನಿಗೆ ಗೊತ್ತಿದೆ, ಮೂರನೆಯ ದಿನ, ಗೊತ್ತಿದ್ದೂ ಗೋಳು ಹೊಯ್ದುಕೊಳ್ಳುತ್ತಾನೆ, ಯಾವ ಊರಮ್ಮ. ಕಡಕೊಳದಿಂದ ಮುಂದ್ಕೆ ಸಾ. ಮುಂದಕ್ಕೆ ಎಂದರೆ ಯಾವುದು. ಒಳೆ ದಾಟುದ್ ಮ್ಯಾಲೆ, ದೇವ್ರ ಊರು. ದೇವರಿಲ್ಲದ ಊರು ಯಾವುದಿದೆ ತಾಯಿ, ಹೆಸರು ಹೇಳಿ ಹೆಸರು, ಮೊನ್ನೆ ಕಡಕೊಳದಲ್ಲಿ ಇಳಿಸಿದ್ದಕ್ಕೆ ನೀವು ನನ್ನನ್ನು ಬೈದುಕೊಂಡಿರಂತೆ. ನೆನ್ನೆ ಹಿಂದೆ ನಿಂತಿದ್ದ ಹೆಂಗಸಿನಿಂದ ಹೇಳಿಸಿದ್ದಳು, ಇವತ್ತೂ ತಿರುಗಿ ನೋಡಿದಳು, ಹಿಂದಿನವಳು, ಮೊಣಕೈಯಿಂದ ತಿವಿದವಳು, ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡು ಹೂಂ ಹೂಂ ಅನ್ನುತ್ತಾಳೆ. ನಾಳೆ ಹುಣ್ಣಿಮೆ, ಪ್ಲಾಟುಫಾರಮ್ಮಿನ ತುಂಬ ದೇವರಿಗೆ ಹೊರಟ ಜನ, ಹಣ್ಣುಕಾಯಿಯ ಬುಟ್ಟಿ, ಮುಡಿ ಕೊಡಲು ಹೊರಟ ಕೂಸುಗಳು, ಅದರ ನಡುವೆ ಗಾಡಿ ಬರುವ ಗಂಟೆ ಹೊಡೆಯಿತು, ಹಳಿಯ ಆ ತುದಿಯಲ್ಲಿ ಹೊಗೆ, ಬೇಗ ಕೊಡಿ ಸಾ ನಿಮ್ ದಮ್ಮಯ್ಯ, ಹೇಳಿದರೆ ತಾನೇ ಕೊಡುವುದು, ಅಯ್ಯೋ ಇವನ ಮನೆ ಹಾಳಾಗ, ಆಗ ಕಿವಿಗೆ ಬಿತ್ತು ಗುರುತಿನ ದನಿ, ಶಂಭುಲಿಂಗಪ್ಪ ಮೇಷ್ಟ್ರ ದನಿ, ಇಲ್ಲಿ, ಮೈಸೂರಿನಲ್ಲಿ, ಏನಯ್ಯ ನಂಜುಂಡ, ನೀನೇನು ಇಲ್ಲಿ, ಗಾಡಿ ಬಂತು ನೋಡು, ಬಾ ಬಾ ಜಾಗ ಹಿಡಿಯೋಣ — ಕೆಂಪಾಜಮ್ಮ ತಿರುಗಿದಳು. ಮೇಷ್ಟ್ರು ಕೈಚೀಲ ಬೀಸಿಕೊಂಡು ಗುಂಪಿನೊಳಗೆ ನುಗ್ಗಿ ಆಗಲೇ ಮುಂದೆ ಹೋಗಿದ್ದಾರೆ, ಬೆಂಚಿನಿಂದ ಗಂಡ ಎದ್ದಿದ್ದಾನೆ, ಏಳಬೇಡಿ ಎಂದು ಹೇಳಿ ಬಂದಿದ್ದಳು, ಎದ್ದಿದ್ದಾನೆ, ಓ ಮೇಷ್ಟ್ರೇ, ಬಂದೆ ಬಂದೆ, ಅದೇ ಗತ್ತು, ಕಾಣುವವನ ನಡಿಗೆ, ಮೇಷ್ಟ್ರ ದನಿ ಇದ್ದ ಕಡೆಗೆ ನಾಲ್ಕು ಹೆಜ್ಜೆ, ದನಿ ಗದ್ದಲದಲ್ಲಿ ಕರಗಿತು, ಇವನು ನಿಲ್ಲಲಿಲ್ಲ, ನಿಂತರೆ ಗೊತ್ತಾಗುತ್ತದಲ್ಲ, ಹೊಗೆಗಾಡಿ ಬುಸ್ ಬುಸ್ ಎನ್ನುತ್ತಿದೆ, ಆ ಬುಸುಗುಟ್ಟುವ ಸದ್ದಿನ ಕಡೆಗೇ, ಮಡುವಿನ ನೀರಿನ ಸದ್ದಿನ ಕಡೆಗೆ ಹೋಗುವ ಹಾಗೆ ನೇರ ಹೋಗುತ್ತಿದ್ದಾನೆ, ಮುಂದೆ ಪ್ಲಾಟುಫಾರಮ್ಮಿನ ಅಂಚು, ಅಂಚಿನ ಕೆಳಗೆ ಹಳಿ. ಅವಳು ಕೆಮ್ಮಿದಳು. ದೇವರೇ, ಕೆಮ್ಮಿದಳು, ಮೂರು ಸಲ, ಗಂಟಲು ಹರಿಯುವಂತೆ ಮತ್ತೆ ಮೂರು ಸಲ, ಹೊಗೆಗಾಡಿಯ ಮುಂದೆ ಯಾರ ಕೆಮ್ಮು ಯಾರಿಗೆ ಕೇಳುತ್ತದೆ. ಇಗಾ, ನಿಂತ್ಕಳಿ, ಇಗಾ — ಹತ್ತು ಗಂಡಸರು ತಿರುಗಿ ನೋಡಿದರು, ಅಲ್ಲಿದ್ದ ಹೆಂಗಸರೆಲ್ಲ ಇಗಾ ಎಂದೇ ಕೂಗುತ್ತಿದ್ದಾರೆ, ತಿರುಗಬೇಕಾದವನು ತಿರುಗಲಿಲ್ಲ, ಇನ್ನು ಮೂರು ಹೆಜ್ಜೆ, ಓಡಿದರೂ ಮುಟ್ಟಲಾರಳು, ನಡುವೆ ಜನ, ಬುಟ್ಟಿ, ಕೂಸು, ಎರಡು ಹೆಜ್ಜೆ, ಆಗ ಅವಳ ಬಾಯಿಂದ ಅದು ಬಂತು, ಮೂವತ್ತೊಂದು ವರ್ಷ ಹಲ್ಲಿನ ಹಿಂದೆ ಹಿಡಿದಿಟ್ಟದ್ದು, ಹೊಟ್ಟೆಯೊಳಗಿನಿಂದ ಎದ್ದು ಬಂತು — ನಂಜುಂಡಾ!

ನಂಜುಂಡಾ, ಎಂದು ಸುತ್ತಲಿನ ನೂರು ಬಾಯಿ ಅಂದವು. ಕಾಪಾಡಪ್ಪ ನಂಜುಂಡಾ, ತಂದೆ ನಂಜುಂಡಾ, ಬುಟ್ಟಿ ಹಿಡಿದವರು ಬುಟ್ಟಿಯನ್ನು ಹಣೆಗೆ ಮುಟ್ಟಿಸಿದರು, ಮುದುಕಿಯೊಬ್ಬಳು ಕೆನ್ನೆ ಕೆನ್ನೆ ಬಡಿದುಕೊಂಡಳು, ಕಿಂಡಿಯೊಳಗಿಂದ ಗುಮಾಸ್ತ, ಅಷ್ಟು ಕೂಗಬೇಕೇ ತಾಯಿ, ಇಗೋ ನಂಜನಗೂಡು ಎರಡು, ಎಂದು ಟಿಕೆಟ್ ನೂಕಿದ, ಯಾರಿಗೆ ಬೇಕು ಅವನ ಟಿಕೆಟ್ಟು. ಅಂಚಿನಲ್ಲಿ ಗಂಡ ನಿಂತಿದ್ದಾನೆ. ನಿಂತು ಇತ್ತ ತಿರುಗಿದ್ದಾನೆ, ಕೋಲು ಕೈಯಿಂದ ಜಾರಿ ಹಳಿಗೆ ಬಿತ್ತು, ಹೊಗೆಗಾಡಿ ಅವನ ಬೆನ್ನಿಗೆ ಒಂದು ಮೊಳ ದೂರದಲ್ಲಿ ಪಂಚೆ ಹಾರಿಸಿಕೊಂಡು ಹೋಯಿತು, ಡಬ್ಬಿ ಒಂದು, ಡಬ್ಬಿ ಎರಡು, ಅವನು ಎರಡು ಕೈ ಜೋಡಿಸಿ ಎದೆಯ ಹತ್ತಿರ ಹಿಡಿದು ನಿಂತೇ ಇದ್ದಾನೆ. ಹೇಗೆ ಅಲ್ಲಿಗೆ ಮುಟ್ಟಿದಳೋ ತಿಳಿಯದು, ಯಾರ ಬುಟ್ಟಿ ಒದ್ದಳೋ, ಹೋಗಿ ತೋಳು ಹಿಡಿದಳು, ಬಾಯಿಗೆ ಬಂದ ಹಾಗೆ ಬೈಯಬೇಕು, ಬೈಗುಳ ಒಂದೂ ನೆನಪಿಗೆ ಬಾರದು, ಅಷ್ಟರಲ್ಲಿ ಗಾಡಿ ನಿಂತಿತು, ಮೇಷ್ಟ್ರು ಆಗಲೇ ಹತ್ತಿ ಡಬ್ಬಿಯ ಬಾಗಿಲಿನಿಂದ ತಲೆ ಹೊರಹಾಕಿದರು, ಏನಾಯಿತಯ್ಯ, ಯಾರೋ ನಿನ್ನನ್ನು ಕೂಗಿದ ಹಾಗಿತ್ತಲ್ಲ, ಹೆಂಗಸಿನ ದನಿ. ಇವನು ನಕ್ಕ, ಗಟ್ಟಿಯಾಗಿ, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಹೇಳಿದ, ನನ್ನ ಯಾರ್ ಸಾ ಕೂಗಾರು, ಯಾರೋ ಪುಣ್ಯವಂತ್ರು ದೇವ್ರನ್ನ ಕರುದ್ರು, ಕೈ ಮುಗುದು ನಿಂತ್ಕಂಡೆ, ಅಷ್ಟೇಯ. ಎಂಥ ಸುಳ್ಳುಗಾರ, ಈಗಲೂ, ಸತ್ತು ಬದುಕಿದ ಗಳಿಗೆಯಲ್ಲೂ — ಆಮೇಲೆ ತುಟಿ ಅಲುಗದ ಹಾಗೆ, ಅವಳೊಬ್ಬಳಿಗೇ, ನಾಳೀಕೆ ಕರ್ಕಂಡೋಗು ಕೆಂಪಿ, ಕಾಣಾಕಿಲ್ಲ ಅಂತ ನಾನೇ ಯೋಳ್ತೀನಿ.

ಹೇಳುತ್ತಾನಂತೆ, ಈಗ ಹೇಳುತ್ತಾನಂತೆ, ಮೂರು ದಿನ ಜೀವ ಹಿಂಡಿ ಈಗ, ಗಾಡಿ ಹೊರಡುತ್ತದೆ, ಟಿಕೆಟ್ ಅಲ್ಲೇ ಬಿಟ್ಟೆ, ಬುತ್ತಿಯ ಗಂಟು ಬೆಂಚಿನ ಮೇಲೆ, ನಡೆಯಿರಿ ಅನ್ನಬೇಕು, ಕೈ ಇಳಿಸಿ ಅನ್ನಬೇಕು, ಜನ ಕೈ ಮುಗಿದದ್ದು ಇವನಿಗೆ ಹೇಗೆ ಕಂಡಿತು, ಕಾಣುವಂತಿಲ್ಲ, ಅವರನ್ನು ನೋಡಿ ಮುಗಿದದ್ದಲ್ಲ, ದೇವರ ದಿಕ್ಕು ಆ ಕಡೆ, ರೈಲು ಹೋಗುವ ಕಡೆ, ಅತ್ತ ಮುಗಿಯಲಿಲ್ಲ, ಮೇಷ್ಟ್ರು ಈ ಕಡೆ, ಇತ್ತಲೂ ಅಲ್ಲ, ಅವಳು ಪಕ್ಕದಲ್ಲೇ ತೋಳು ಹಿಡಿದು ನಿಂತಿದ್ದಾಳೆ, ಆ ಕೈಗಳು ಮಾತ್ರ ಕೂಗು ಬಂದ ಕಡೆಗೆ, ಅವಳು ನಿಂತು ಕೂಗಿದ, ಈಗ ಅವಳಿಲ್ಲದ ಆ ಟಿಕೆಟ್ ಕಿಂಡಿಯ ಕಡೆಗೆ, ಇಳಿಸಿ ಮಾರಾಯರೇ, ಕೈ ಇಳಿಸಿ, ಹುಟ್ಟು ಹಿಡಿದು ದಡ್ಡುಗಟ್ಟಿದ ಎರಡು ಕೈ, ಬೆರಳಿಗೆ ಬೆರಳು ಸೇರಿಸಿ, ಇನ್ನೂ ಇಳಿಸಲಿಲ್ಲ, ಕಿಂಡಿಯ ಕಡೆಗೆ, ಮುಗಿದ ಆ ಕೈ —